ಕೊನೇ ಪಂಕ್ತಿಯ ಹೆಸರು

ನನ್ನ ಹೆಂಡತಿ ಬರೆದ ಸಂಶೋಧನಾ ಲೇಖನವೊಂದನ್ನು ನಾನು ಮೊದಲ ಸಲ ಕೈಯಲ್ಲಿ ಹಿಡಿದು ನೋಡಿದ್ದು ದುಬೈಯ ಅಲ್ ಕೂಜ್‌ನ ನಮ್ಮ ಅಡುಗೆಮನೆಯಲ್ಲಿ, ಬೂದುಗುಂಬಳದ ಸಿಪ್ಪೆಗಳ ನಡುವೆ. ಅವಳು ಅದನ್ನು ಕಾರಿನ ಹಿಂದಿನ ಸೀಟಿನಲ್ಲಿ ಮರೆತು ಹೋಗಿದ್ದಳು. ತರಕಾರಿ ಚೀಲದ ಜೊತೆ ಅದೂ ಒಳಗೆ ಬಂತು. ತಲೆಬರಹದಲ್ಲಿ ನನಗೆ ಅರ್ಥವಾದದ್ದು ‘ಆ್ಯಂಡ್’ ಎಂಬ ಒಂದು ಪದ ಮಾತ್ರ. ಅದರ ಕೆಳಗೆ ಹೆಸರುಗಳ ಒಂದು ಸಾಲಿತ್ತು. ನಾನು ಹೆಂಡತಿಯ ಹೆಸರನ್ನು ಹುಡುಕಿದೆ. ಮೊದಲಿಗೆ ಇರಲಿಲ್ಲ, ನಡುವೆ ಇರಲಿಲ್ಲ. ಯಾರ್ಯಾರದೋ ಹೆಸರುಗಳೆಲ್ಲ ಮುಗಿದ ಮೇಲೆ, ಕಟ್ಟಕಡೆಗೆ, ಅವಳದಿತ್ತು.

ನನ್ನ ಕಸುಬು ಗೊತ್ತಿಲ್ಲದವರಿಗೆ ನನ್ನ ಸಿಟ್ಟು ಅರ್ಥವಾಗುವುದಿಲ್ಲ. ನಾನು ಉಡುಪಿ ಕಡೆಯವನು, ಅಡುಗೆ ಕಂತ್ರಾಟು ಮಾಡುವವನು. ಟೈರು ಗೋದಾಮು ಒಂದು ಕಡೆ, ಅಲ್ಯುಮಿನಿಯಂ ಕಿಟಕಿ ಮಾಡುವವರು ಇನ್ನೊಂದು ಕಡೆ, ನಡುವಿನ ಶೆಡ್ಡಿನಲ್ಲಿ ನಮ್ಮ ಒಲೆಗಳು. ದುಬೈಯಲ್ಲಿ ಕನ್ನಡದವರ ಮನೆಯ ನಾಮಕರಣ, ಸೀಮಂತ, ಸಂಘಗಳ ಹಬ್ಬದ ಊಟ, ಎಲ್ಲಕ್ಕೂ ಬಾಳೆಎಲೆ ಹಾಕಿ ಬಡಿಸುತ್ತ ಬಂದಿದ್ದೇನೆ. ಯಾರು ಯಾವ ಪಂಕ್ತಿಯಲ್ಲಿ ಕೂತರು ಎನ್ನುವುದರ ಮೇಲೆ ಹಳೇ ಸ್ನೇಹಗಳು ಮುರಿದುಬಿದ್ದದ್ದನ್ನು ಕಣ್ಣಾರೆ ನೋಡಿದವನು ನಾನು. ಬಡಿಸುವವನು ನಮ್ಮವನಾದರೆ ಕೊನೇ ಪಂಕ್ತಿಯಲ್ಲಿ ಕೂತರೇನು ಎಂದು ಗಾದೆ ಹೇಳುತ್ತದೆ, ಸರಿ. ಆದರೆ ಅವಳು ಕೆಲಸ ಮಾಡುವ ಅಬುಧಾಬಿಯ ವಿಶ್ವವಿದ್ಯಾಲಯದಲ್ಲಿ ಬಡಿಸುವವರು ನಮ್ಮವರಲ್ಲವಲ್ಲ.

ಇನ್ನೊಂದು ಕಾರಣವೂ ಇತ್ತು. ನಮ್ಮದು ದೊಡ್ಡ ಸಂಸಾರ. ಮನೆಯ ಹೆಂಗಸರು ಎಲ್ಲರಿಗೂ ಬಡಿಸಿ ಕೊನೇ ಪಂಕ್ತಿಯಲ್ಲಿ ಕೂರುತ್ತಿದ್ದರು. ಅಷ್ಟು ಹೊತ್ತಿಗೆ ಸಾರಿನಲ್ಲಿ ಒಗ್ಗರಣೆಯ ಕರಿಬೇವು ಮಾತ್ರ ತೇಲುತ್ತಿತ್ತು, ಪಾಯಸದ ಪಾತ್ರೆಯಲ್ಲಿ ಸೌಟು ಕೆರೆಯುವ ಸದ್ದು ಕೇಳುತ್ತಿತ್ತು. ನಾನು ಒಂದು ಲೋಟ ಪಾಯಸವನ್ನು ಅಕ್ಕಿ ಡಬ್ಬದ ಹಿಂದೆ ಅಡಗಿಸಿಟ್ಟು ಅಮ್ಮನಿಗೆ ಕೊಡುತ್ತಿದ್ದೆ. ನನ್ನ ಮನೆಯಲ್ಲಿ ಹೆಂಡತಿಯನ್ನು ಕೊನೆಗೆ ಕೂರಿಸುವುದಿಲ್ಲ ಎಂದು ಮದುವೆಗೆ ಮುಂಚೆಯೇ ನಿಶ್ಚಯ ಮಾಡಿಕೊಂಡಿದ್ದೆ. ಅದನ್ನು ನಡೆಸಿಕೊಂಡೂ ಬಂದಿದ್ದೆ. ಮೈಸೂರಿನ ಹುಡುಗಿ, ರೋಗನಿರೋಧಕ ವಿಜ್ಞಾನದಲ್ಲಿ ಡಾಕ್ಟರೇಟು ಮಾಡಿದವಳು, ಅಡುಗೆಯವನನ್ನು ಒಪ್ಪಿ ಬಂದಿದ್ದಾಳೆ; ಬೆಳಿಗ್ಗೆ ಬಿಸಿ ದೋಸೆ ಮೊದಲು ಅವಳ ತಟ್ಟೆಗೆ ಎಂಬುದು ನಮ್ಮ ಮನೆಯ ಕಾನೂನು. ಅಂಥವಳನ್ನು ಅಬುಧಾಬಿಯಲ್ಲಿ ಯಾರೋ ಬಾಲಕ್ಕೆ ಕಟ್ಟಿದ್ದಾರೆ ಎಂದರೆ ನನಗೆ ತಡೆಯಲಾಗಲಿಲ್ಲ.

ಅವಳನ್ನೇ ಕೇಳಬಹುದಿತ್ತು. ಕೇಳಲಿಲ್ಲ, ನೋವಾಗುತ್ತದೆ ಎಂದುಕೊಂಡೆ. ಆಗ ಶಾಲೆಗೆ ಹೋಗುತ್ತಿದ್ದ ಮಗಳನ್ನು ಕೂರಿಸಿಕೊಂಡು ಕಂಪ್ಯೂಟರಿನಲ್ಲಿ ಅಮ್ಮನ ಉಳಿದ ಲೇಖನಗಳನ್ನು ಹುಡುಕಿಸಿದೆ. ಹಳೆಯವುಗಳಲ್ಲಿ ಅವಳ ಹೆಸರು ಮೊದಲಿಗೇ ಇತ್ತು. ವರ್ಷ ಕಳೆದ ಹಾಗೆ ಹಿಂದೆ ಹಿಂದೆ ಸರಿದು, ಈಚಿನ ಎಲ್ಲದರಲ್ಲೂ ಕೊನೆಗೆ ಬಂದು ನಿಂತಿತ್ತು. ಅಂದರೆ ಅನುಭವ ಹೆಚ್ಚಿದಷ್ಟೂ ಇವಳನ್ನು ಹಿಂದಕ್ಕೆ ತಳ್ಳಿದ್ದಾರೆ! ಹೀಗೇಕೆ ಎಂದು ಮಗಳನ್ನು ಕೇಳಿದರೆ, “ಐ ಡೋಂಟ್ ನೋ ಅಪ್ಪಾ, ಆಸ್ಕ್ ಅಮ್ಮ,” ಎಂದು ಎದ್ದುಹೋದಳು. ಆ ಮಾತನ್ನು ಕೇಳಿದ್ದರೆ ನನ್ನ ಮಾನ ಉಳಿಯುತ್ತಿತ್ತು.

ಆ ವರ್ಷದ ರಂಜಾನಿನಲ್ಲಿ ಅವಳ ವಿಭಾಗದವರು ಮನೆಯವರನ್ನೂ ಇಫ್ತಾರಿಗೆ ಕರೆದರು. ನನ್ನ ಕಡೆಯಿಂದ ಕಡ್ಲೆಬೇಳೆ ಪಾಯಸ ಹೋಯಿತು. ವಿಭಾಗದ ಮುಖ್ಯಸ್ಥರು ಜೋರ್ಡಾನಿನ ಹಿರಿಯರು, ಬೆಳ್ಳಗಿನ ಗಡ್ಡ, ಮೆತ್ತಗಿನ ಮಾತು. ಪಾಯಸವನ್ನು ಎರಡನೇ ಸಲ ಹಾಕಿಸಿಕೊಂಡು ನನ್ನ ಪಕ್ಕಕ್ಕೇ ಬಂದು ಕೂತರು. ಇದೇ ಸಮಯ ಎಂದು ನಾನು ನನಗೆ ಬರುವ ಇಂಗ್ಲಿಷಿನಲ್ಲಿ ಎಲ್ಲವನ್ನೂ ಹೇಳಿಬಿಟ್ಟೆ. ಇವಳು ಬೆಳಗಾಗುವ ಮುಂಚೆ ಎದ್ದು ದುಬೈಯಿಂದ ಇಲ್ಲಿಯವರೆಗೆ ಕಾರು ಓಡಿಸಿಕೊಂಡು ಬರುತ್ತಾಳೆ, ಮಗಳ ಜ್ವರಕ್ಕೂ ರಜೆ ಹಾಕಿದವಳಲ್ಲ, ನೀವಾದರೋ ನಿನ್ನೆ ಮೊನ್ನೆ ಬಂದ ಹುಡುಗರನ್ನು ಮುಂದೆ ಕೂರಿಸಿ ಇವಳನ್ನು ಕಡೆಗೆ ಹಾಕುತ್ತೀರಿ, ಇದು ನ್ಯಾಯವಾ ಎಂದೆ. ಅವರು ಚಮಚ ಕೆಳಗಿಟ್ಟು, ಒಂದು ಚೂರೂ ನಗದೆ, ಪೂರ್ತಿ ಕೇಳಿಸಿಕೊಂಡರು. ಆಮೇಲೆ ನಿಧಾನವಾಗಿ ವಿವರಿಸಿದರು. ಈ ವಿದ್ಯೆಯಲ್ಲಿ ಕೈಯಾರೆ ಕೆಲಸ ಮಾಡಿದವರ ಹೆಸರು ಮೊದಲು. ಯಾರ ಯೋಚನೆಯೋ, ಯಾರು ಆ ಕೆಲಸವನ್ನು ನಡೆಸಿದರೋ, ನಾಳೆ ತಪ್ಪು ಕಂಡುಬಂದರೆ ಯಾರು ಎದ್ದು ನಿಂತು ಉತ್ತರ ಕೊಡಬೇಕೋ, ಅವರ ಹೆಸರು ಕೊನೆಗೆ. ನಿಮ್ಮ ಹೆಂಡತಿಯನ್ನು ಯಾರೂ ಅಲ್ಲಿಗೆ ತಳ್ಳಿಲ್ಲ, ಅವಳು ದುಡಿದು ಆ ಜಾಗಕ್ಕೆ ಬಂದಿದ್ದಾಳೆ ಎಂದರು. ಅಷ್ಟರಲ್ಲಿ ನನ್ನವಳು ಹಿಂದೆ ಬಂದು ನಿಂತಿದ್ದಳು.

ವಾಪಸು ಬರುವಾಗ ಅರ್ಧ ದಾರಿಯ ಘಂತೂತ್ ದಾಟುವವರೆಗೂ ಅವಳು ನಗುತ್ತಲೇ ಇದ್ದಳು. ನಗು ನಿಂತಿತು ಎನ್ನುವಷ್ಟರಲ್ಲಿ ಮತ್ತೆ ನೆನಪಾಗಿ ಕಣ್ಣೊರೆಸಿಕೊಳ್ಳುತ್ತಿದ್ದಳು.

“ರೀ, ನಮ್ಮ ಮುಖ್ಯಸ್ಥರ ಹತ್ರ ಹೋಗಿ, ನನ್ನ ಹೆಂಡ್ತೀನ ಮೊದಲನೇ ಪಂಕ್ತೀಲಿ ಕೂರ್ಸಿ ಅಂದ್ರಲ್ರೀ ನೀವು?”

“ನಂಗೆಂತ ಗೊತ್ತು ಮಾರಾಯ್ತಿ, ನಿಮ್ಮಲ್ಲಿ ಎಲೆ ಉಲ್ಟಾ ಹಾಕ್ತಾರೆ ಅಂತ!” ಎಂದೆ.

ನಗು ಮುಗಿದ ಮೇಲೆ ಅವಳು ನನ್ನ ತೊಡೆಯ ಮೇಲೆ ಕೈ ಇಟ್ಟಳು. ತನಗಾಗಿ ಯಾರೂ ಇಷ್ಟು ಜೋರಾಗಿ ಜಗಳ ಆಡಿರಲಿಲ್ಲ ಎಂದಳು. ನನಗೆ ನಾಚಿಕೆಯೂ ಆಯಿತು, ಖುಷಿಯೂ ಆಯಿತು. ಮನೆ ಸೇರುವ ಹೊತ್ತಿಗೆ ನನಗೆ ಇನ್ನೊಂದು ವಿಷಯವೂ ಹೊಳೆದಿತ್ತು. ನಮ್ಮ ಮನೆಯ ಕೊನೇ ಪಂಕ್ತಿಯಲ್ಲಿ ಕೂರುತ್ತಿದ್ದ ಅಮ್ಮನಿಗೂ ದೊಡ್ಡಮ್ಮನಿಗೂ ಮಾತ್ರ, ಅವತ್ತು ಯಾರು ಉಂಡರು, ಯಾರು ಉಣ್ಣಲಿಲ್ಲ ಎಂಬುದು ಗೊತ್ತಿರುತ್ತಿತ್ತು.

ಅಲ್ಲಿಂದ ಮುಂದೆ ನಾನು ಅವಳ ಕೆಲಸವನ್ನು ಕೇಳಿ ಕೇಳಿ ತಿಳಿದುಕೊಂಡೆ. ಊರಿನಲ್ಲಿ ಬಳ್ಳಾರಿ ಜಾಲಿ ಎನ್ನುತ್ತೇವಲ್ಲ, ಅದೇ ಮರ ಇಲ್ಲಿಯೂ ಮರಳಿನಲ್ಲಿ ಎಲ್ಲೆಂದರಲ್ಲಿ ಬೆಳೆದಿದೆ. ಅದು ಹೂ ಬಿಟ್ಟಾಗ ಪರಾಗ ಗಾಳಿಗೆ ಹಾರಿ ಎಷ್ಟೋ ಮಕ್ಕಳಿಗೆ ಉಬ್ಬಸ ಬರುತ್ತದೆ. ಪರಾಗ ಪಾಪ, ಏನೂ ಮಾಡುವುದಿಲ್ಲ. ದೇಹದ ಕಾವಲುಗಾರರು ಅದನ್ನು ಕಳ್ಳ ಎಂದುಕೊಂಡು ದೊಣ್ಣೆ ಎತ್ತುತ್ತಾರೆ, ಆ ಗಲಾಟೆಯಲ್ಲಿ ಮನೆಯೇ ಹಾಳಾಗುತ್ತದೆ. ಆದರೆ ಅದೇ ಕಾವಲುಗಾರರ ಗುಂಪಿನಲ್ಲಿ ಕೈ ಹಿಡಿದು ‘ಬಿಡೋ, ಅವ ನೆಂಟ’ ಎಂದು ಸಮಾಧಾನ ಮಾಡುವ ಕಣಗಳೂ ಇವೆಯಂತೆ. ನನ್ನವಳು ಜೀವಮಾನವೆಲ್ಲ ಹುಡುಕಿದ್ದು ಆ ಸಮಾಧಾನದ ಕಣಗಳನ್ನು. ಅಡುಗೆಮನೆಯಲ್ಲಿ ದಿನಾ ಜಗಳ ಬಿಡಿಸುವ ನನಗೆ ಇದು ಚೆನ್ನಾಗಿಯೇ ಅರ್ಥವಾಯಿತು.

ಅವಳ ಪ್ರಯೋಗಾಲಯದಲ್ಲಿ ಒಂದು ನಿಯಮವಿತ್ತು. ಮೊದಮೊದಲು ಒಬ್ಬ ವಿದ್ಯಾರ್ಥಿನಿ ಬೆಳಿಗ್ಗೆ ಏನೂ ತಿನ್ನದೆ ಬಂದು, ಗಂಟೆಗಟ್ಟಲೆ ನಿಂತು ಕೆಲಸ ಮಾಡಿ, ಕೈ ನಡುಗಿ, ರಕ್ತದ ಟ್ಯೂಬೊಂದನ್ನು ಬೀಳಿಸಿದ್ದಳು. ಅದು ಒಂದು ಪುಟ್ಟ ಮಗು ಅತ್ತು ಅತ್ತು ಕೊಟ್ಟ ರಕ್ತ. ಇನ್ನೊಮ್ಮೆ ಕೇಳುವ ಹಾಗಿಲ್ಲ. ನನ್ನವಳು ಹುಡುಗಿಯನ್ನು ಬೈಯಲಿಲ್ಲ. ಮಾರನೆಯ ದಿನದಿಂದ, ಕೈಗವಸು ಹಾಕುವ ಮುಂಚೆ ಒಬ್ಬೊಬ್ಬರನ್ನೂ ಕೇಳತೊಡಗಿದಳು: “ಊಟ ಆಯ್ತಾ?” ಆಯ್ತು ಎಂದವರು ಟ್ಯೂಬು ಮುಟ್ಟಬಹುದು. ಇಲ್ಲ ಎಂದವರು ಹೋಗಿ ತಿಂದು ಬರಬೇಕು. ರಂಜಾನಿನಲ್ಲಿ ಉಪವಾಸ ಇರುವವರಿಗೆ ಹಗಲು ಕಂಪ್ಯೂಟರಿನ ಕೆಲಸ ಮಾತ್ರ. ಫಿಲಿಪೀನ್ಸಿನವರು, ಸಿರಿಯಾದವರು, ಕೇರಳದವರು, ಎಲ್ಲರೂ ಕನ್ನಡದ ಈ ಮೂರು ನಾಲ್ಕು ಪದಗಳನ್ನು ಕಲಿತುಬಿಟ್ಟರು. ಇಂಗ್ಲಿಷಿನಲ್ಲಿ ಕೇಳಬಾರದೇ ಎಂದರೆ, ಇಂಗ್ಲಿಷಿನಲ್ಲಿ ಕೇಳಿದರೆ ವಿಚಾರಣೆ ಮಾಡಿದ ಹಾಗಾಗುತ್ತದೆ ಎನ್ನುತ್ತಿದ್ದಳು. ‘ಇಲ್ಲ’ ಎನ್ನುವವರಿಗಾಗಿ ದಿನಾ ನನ್ನ ಅಡುಗೆಮನೆಯಿಂದ ಒಂದು ದೊಡ್ಡ ಡಬ್ಬಿ ಚಿತ್ರಾನ್ನವೋ ಬಿಸಿಬೇಳೆಬಾತೋ ಅವಳ ಕಾರಿನಲ್ಲಿ ಹೋಗುತ್ತಿತ್ತು. ಆ ಹುಡುಗರಲ್ಲಿ ಕೆಲವರು ಬೇಕೆಂದೇ ‘ಇಲ್ಲ’ ಅನ್ನುತ್ತಾರೆ ಎಂಬುದು ನನ್ನ ಗುಮಾನಿ.

ಲೇಖನ ಬರೆದರೆ ಸಾಲದು, ಉಳಿದ ವಿಜ್ಞಾನಿಗಳು ತಮ್ಮ ಲೇಖನಗಳಲ್ಲಿ ಅದನ್ನು ಎತ್ತಿ ಹೇಳಬೇಕು, ಹಾಗೆ ಎಷ್ಟು ಸಲ ಹೇಳಿದ್ದಾರೆ ಎಂಬುದೇ ಒಬ್ಬರ ಪ್ರಭಾವದ ಅಳತೆ ಎಂದು ನನಗೆ ತಿಳಿದದ್ದು ಆಮೇಲೆ. ಹೋಟೆಲಿನ ಲೆಕ್ಕವೇ: ಪಟ್ಟಿಯಲ್ಲಿ ತಿಂಡಿ ಎಷ್ಟಿದೆ ಎನ್ನುವುದಲ್ಲ, ಗಿರಾಕಿ ಯಾವುದನ್ನು ಮತ್ತೆ ಕೇಳುತ್ತಾನೆ ಎನ್ನುವುದು. ಮಗಳು ಆ ಅಂಕಿಯನ್ನು ನನ್ನ ಮೊಬೈಲಿನಲ್ಲಿ ನೋಡುವುದು ಹೇಗೆ ಎಂದು ತೋರಿಸಿಕೊಟ್ಟಳು. ದುಬೈಯಲ್ಲಿ ಇರುವವರು ಬೆಳಗಾದರೆ ಚಿನ್ನದ ರೇಟು ನೋಡುತ್ತಾರೆ, ರೂಪಾಯಿಯ ರೇಟು ನೋಡುತ್ತಾರೆ. ನಾನು ಹೆಂಡತಿಯ ರೇಟನ್ನೂ ನೋಡತೊಡಗಿದೆ. ಏರಿದ ದಿನ ಕೇಸರಿಬಾತಿಗೆ ತುಪ್ಪ ಜಾಸ್ತಿ ಬೀಳುತ್ತದೆ ಎಂದು ನಮ್ಮ ಅಡುಗೆ ಹುಡುಗರು ಆಡಿಕೊಳ್ಳುತ್ತಿದ್ದರು.

ಒಂದು ದಿನ ಏರಿತ್ತು. ಯಾರು, ಏನು ಹೊಗಳಿದ್ದಾರೆ ಎಂದು ಮಗಳಿಂದ ಓದಿಸಿದರೆ, ಬೇರೆ ದೇಶದ ಒಬ್ಬ ವಿಜ್ಞಾನಿ, ಇವಳ ಒಂದು ಫಲಿತಾಂಶ ನಮಗೆ ಸಿಗಲಿಲ್ಲ, ಅದು ತಪ್ಪಿರಬಹುದು ಎಂದು ಬರೆದಿದ್ದ. ನನಗೆ ಮೈ ಉರಿದುಹೋಯಿತು. ಸಂಜೆ ಬಂದವಳಿಗೆ ನೀರೂ ಕೊಡದೆ ಕೇಳಿದೆ: “ಬೈದ್ರೂ ಲೆಕ್ಕಕ್ಕೆ ಬರ್ತದಾ?”

“ಬೈದ್ರೂ ಲೆಕ್ಕಾನೇ,” ಎಂದಳು. “ಬೈಯೋಕಾದ್ರೂ ಅವರು ಪೂರ್ತಿ ಓದಿರ್ತಾರಲ್ರೀ.”

ಅವಳಿಗೆ ಸಿಟ್ಟೇ ಬಂದಿರಲಿಲ್ಲ. ಆ ಮನುಷ್ಯ ಹೇಳಿದ್ದರಲ್ಲಿ ಅರ್ಧ ಸರಿ ಎಂದು ಪ್ರಯೋಗವನ್ನು ಇನ್ನೊಮ್ಮೆ ಮಾಡಿಸಿ, ಅವನಿಗೆ ತಾನೇ ಬರೆದು ತಿಳಿಸಿದಳು. ಇಂಥ ಹೆಂಗಸಿನ ಜೊತೆ ಜಗಳವಾಡಿ ಗೆಲ್ಲುವುದು ಹೇಗೆ ಹೇಳಿ. ಮದುವೆಯಾಗಿ ಇಷ್ಟು ವರ್ಷವಾದರೂ ನನಗೆ ಸಾಧ್ಯವಾಗಿಲ್ಲ.

ಅವಳ ಬಳಿ ಸಹಾಯಕಿಯಾಗಿ ಸೇರಿದವಳು ಮಂಗಳೂರು ಕಡೆಯ ಒಬ್ಬ ಕೊಂಕಣಿ ಕ್ಯಾಥೊಲಿಕ್ ಹುಡುಗಿ. ನನ್ನನ್ನು ಅಣ್ಣ ಎನ್ನುವಳು, ಇವಳನ್ನು ಮೇಡಂ ಎನ್ನುವಳು, ಮೇರಿ ಮಾತೆಯ ಮೊಂತಿ ಹಬ್ಬದ ದಿನ ಅವಳ ಮನೆಯ ಹೊಸ ಅಕ್ಕಿಯ ಊಟಕ್ಕೆ ನಮ್ಮನ್ನು ಕರೆಯದೆ ಬಿಟ್ಟವಳಲ್ಲ. ತಿಂಗಳಿಗೊಮ್ಮೆ ಅವಳು ರುವೈಸ್ ಎಂಬ ದೂರದ ಊರಿಗೆ ಹೋಗುತ್ತಿದ್ದಳು. ಅಲ್ಲಿ ತೈಲ ಕಂಪನಿಯ ಮನೆಗಳಲ್ಲಿರುವ ಮಕ್ಕಳ ಉಬ್ಬಸದ ಮಾಹಿತಿ, ಅವರ ತಂದೆತಾಯಿ ಒಪ್ಪಿದರೆ ಸ್ವಲ್ಪ ರಕ್ತ, ಇದನ್ನು ತರುವುದು ಅವಳ ಕೆಲಸ. ಹಾಗೆ ಮನೆಯಿಂದ ಮನೆಗೆ ಹೋಗುತ್ತಿದ್ದವಳಿಗೆ ಒಂದು ಸಂಗತಿ ಕಣ್ಣಿಗೆ ಬಿತ್ತು. ಅಣ್ಣನಿಗೆ ಉಬ್ಬಸ, ತಂಗಿಗೆ ಏನೂ ಇಲ್ಲ. ಒಂದೇ ಮನೆ, ಒಂದೇ ಕಿಟಕಿ, ಹೊರಗೆ ಒಂದೇ ಮರ. ಕಾಯಿಲೆ ಬಿದ್ದ ಮಗುವನ್ನೇ ಎಷ್ಟು ಸಲ ನೋಡುವುದು ಮೇಡಂ, ಅದೇ ಮನೆಯಲ್ಲಿ ಕಾಯಿಲೆ ಬೀಳದ ಮಗುವನ್ನು ನೋಡುವ ಎಂದಳು. ನನ್ನವಳು ಮೂರು ದಿನ ಹಳೆಯ ಮಾಹಿತಿಯನ್ನೆಲ್ಲ ಮತ್ತೆ ತಿರುವಿ ನೋಡಿ, ಆಮೇಲೆ ತನ್ನ ಪ್ರಯೋಗಾಲಯವನ್ನೆಲ್ಲ ಆ ಒಂದು ಯೋಚನೆಯ ಕಡೆಗೆ ತಿರುಗಿಸಿದಳು.

ವರ್ಷಗಟ್ಟಲೆ ನಡೆದ ಕೆಲಸ ಅದು. ಕೊನೆಗೆ ಫಲ ಸಿಕ್ಕಿತು. ಕಾಯಿಲೆ ಬೀಳದ ತಂಗಿಯ ದೇಹವೂ ಪರಾಗವನ್ನು ಕಂಡಿತ್ತು, ಆದರೆ ಅಲ್ಲಿ ಸಮಾಧಾನದ ಕಣಗಳು ಮೊದಲೇ ಎದ್ದು ಕೂತಿದ್ದವು. ಇವಳ ಬದುಕಿನ ದೊಡ್ಡ ಲೇಖನ ಅದೇ ಎಂದು ನನಗೂ ಗೊತ್ತಾಗಿತ್ತು. ಅದೇ ವರ್ಷ ಇವಳ ಕಾಂಟ್ರಾಕ್ಟು ಮುಗಿಯುವುದಿತ್ತು. ಮುಂದುವರಿಸಬೇಕೋ ಬೇಡವೋ ಎಂದು ಒಂದು ಸಮಿತಿ ಅವಳ ಲೇಖನಗಳನ್ನೂ ಪ್ರಭಾವವನ್ನೂ ತೂಗಿ ನೋಡುತ್ತದೆ. ಮುಂದುವರಿಸದಿದ್ದರೆ ಪ್ರಯೋಗಾಲಯ ಮುಚ್ಚುತ್ತದೆ. ಐವತ್ತು ದಾಟಿದ ಮೇಲೆ ಇನ್ನೊಂದು ಪ್ರಯೋಗಾಲಯವನ್ನು ಯಾರೂ ಕಟ್ಟಿಕೊಡುವುದಿಲ್ಲ.

ಒಂದು ಶುಕ್ರವಾರ ಬೆಳಿಗ್ಗೆ ದೋಸೆ ತಿನ್ನುತ್ತ ಇವಳು ತಣ್ಣಗೆ ಹೇಳಿದಳು, ಆ ಲೇಖನದಲ್ಲಿ ಕೊನೆಯ ಹೆಸರು ಮಂಗಳೂರು ಹುಡುಗಿಯದು, ತನ್ನದು ನಡುವೆ ಎಲ್ಲೋ ಎಂದು.

ನಾನು ಒಲೆ ಆರಿಸಿಬಿಟ್ಟೆ. ಹಿಂದೊಮ್ಮೆ ಇವಳು ಕೊನೆಯಲ್ಲಿದ್ದಾಳೆ ಎಂದು ಊರೆಲ್ಲ ಜಗಳ ಆಡಿದವನು, ಈಗ ಕೊನೆಯಲ್ಲಿ ಇಲ್ಲ ಎಂದು ಜಗಳಕ್ಕೆ ನಿಂತೆ. ಮುಖ್ಯಸ್ಥರೂ ಇವಳಿಗೆ ಬುದ್ಧಿ ಹೇಳಿದ್ದರಂತೆ: ಸಮಿತಿಯವರು ಹೊರಗಿನವರು, ಅವರು ಹೆಸರಿರುವ ಜಾಗವನ್ನಷ್ಟೇ ನೋಡುತ್ತಾರೆ, ಈ ಒಂದು ಲೇಖನದಲ್ಲಾದರೂ ನಿನ್ನ ಜಾಗ ಬಿಡಬೇಡ ಎಂದು. ಆ ಹುಡುಗಿಯೇ ಅತ್ತುಬಿಟ್ಟಿದ್ದಳು. “ನಂಗೆ ಬೇಡ ಮೇಡಂ, ಮೊದ್ಲು ನಿಮ್ಮ ಕಾಂಟ್ರಾಕ್ಟು ಆಗ್ಲಿ,” ಎಂದಿದ್ದಳಂತೆ. ಅವಳಿಗೂ ಬೇಕಿತ್ತು ಎನ್ನುವುದು ಬೇರೆ ಮಾತು. ದುಬೈಯ ಒಂದು ಹೊಸ ಕಾಲೇಜಿನಲ್ಲಿ ಸ್ವಂತ ಪ್ರಯೋಗಾಲಯದ ಕೆಲಸಕ್ಕೆ ಅವಳು ಅರ್ಜಿ ಹಾಕಿದ್ದಳು. ಕೊನೆಯ ಹೆಸರಿನ ಒಂದು ಲೇಖನವಾದರೂ ಇಲ್ಲದೆ ಅದು ಸಿಗುವ ಹಾಗಿರಲಿಲ್ಲ.

“ದಾನ ಮಾಡ್ಲಿಕ್ಕೆ ಹೊರಟಿದ್ದೀಯಾ ನೀನು? ನಿನ್ನ ಎಲೆ ಎತ್ತಿ ಅವಳಿಗೆ ಕೊಟ್ರೆ ನೀನು ಎಂತ ಮಾಡ್ತಿ?” ಎಂದು ಕೇಳಿದೆ.

“ದಾನ ಅಲ್ಲ ರೀ. ಯೋಚನೆ ಅವಳದು, ನಡೆಸಿದ್ದೂ ಅವಳೇ. ಪಾತ್ರೆ, ಒಲೆ ಮಾತ್ರ ನನ್ನದು. ನಿಮ್ಮ ಅಡುಗೆಮನೇಲಿ ಬೇರೆಯವರು ಮಾಡಿದ ಹೋಳಿಗೇನ ನೀವು ಮಾಡಿದ್ದು ಅಂತ ಬಡಿಸ್ತೀರಾ?”

ಬಡಿಸುವುದಿಲ್ಲ. ಇವತ್ತಿನವರೆಗೂ ಬಡಿಸಿಲ್ಲ. ಹೋಳಿಗೆ ಯಾರದ್ದೋ ಅವರ ಹೆಸರನ್ನೇ ಹೇಳಿ ಬಡಿಸುವವನು ನಾನು. ಅದು ಗೊತ್ತಿದ್ದೇ ಆ ಮಾತನ್ನು ಆರಿಸಿ ಹೊಡೆದಿದ್ದಳು. ನಾನು ಮತ್ತೆ ಒಲೆ ಹಚ್ಚಿ ದೋಸೆ ಕಾವಲಿಗೆ ನೀರು ಚಿಮುಕಿಸಿದೆ. ಒಳಗೆ ಸಿಟ್ಟು ಕುದಿಯುತ್ತಲೇ ಇತ್ತು. ಆ ಸಿಟ್ಟಿನ ಅಡಿಯಲ್ಲಿ, ಇವಳನ್ನು ಕಟ್ಟಿಕೊಂಡದ್ದು ನನ್ನ ಪುಣ್ಯ ಎಂಬ ಭಾವನೆಯೂ ಇತ್ತು. ಅದನ್ನು ಮಾತ್ರ ಅವತ್ತು ಬಾಯಿಬಿಟ್ಟು ಹೇಳಲಿಲ್ಲ. ಗೆದ್ದವರಿಗೆ ಅದನ್ನೂ ಯಾಕೆ ಕೊಡಬೇಕು ಎಂದು ಸುಮ್ಮನಾದೆ.

ಲೇಖನ ಬಂತು. ಮಂಗಳೂರು ಹುಡುಗಿಗೆ ದುಬೈಯ ಕೆಲಸ ಸಿಕ್ಕಿತು. ನಾನು ಅವಳ ಮನೆಗೆ ಹೋಳಿಗೆ ಕಳಿಸಿದೆ, ಮನಸ್ಸಿನಿಂದಲೇ ಕಳಿಸಿದೆ. ಸಮಿತಿಯ ನಿರ್ಧಾರ ಬೇಸಿಗೆಯಲ್ಲಿ ಬಂತು. ಸಭ್ಯವಾದ ಮಾತುಗಳು. ಲೇಖನಗಳು ಸಾಕಷ್ಟಿವೆ, ಆದರೆ ಈಚಿನ ಮುಖ್ಯ ಕೆಲಸದಲ್ಲಿ ನೇತೃತ್ವ ಇವರದ್ದೆಂದು ಕಾಣುವುದಿಲ್ಲ, ಒಟ್ಟು ಪ್ರಭಾವ ಸಾಧಾರಣ. ಇನ್ನೊಂದು ವರ್ಷ ಪಾಠ ಹೇಳಬಹುದು, ಪ್ರಯೋಗಾಲಯವನ್ನು ಮುಚ್ಚತಕ್ಕದ್ದು.

ಆ ‘ಸಾಧಾರಣ’ ಎಂಬ ಪದವನ್ನು ನಾನು ಎಷ್ಟೋ ದಿನ ಬಾಯಲ್ಲಿ ಕಲ್ಲಿನ ಹಾಗೆ ಇಟ್ಟುಕೊಂಡು ಓಡಾಡಿದೆ. ಸಾರು ಸಾಧಾರಣ ಎಂದರೆ ಸಹಿಸುತ್ತೇನೆ, ನಾಳೆ ಸರಿಮಾಡಬಹುದು. ಮನುಷ್ಯರನ್ನು ಹಾಗೆ ಹೇಳಿದರೆ ಏನು ಮಾಡುವುದು? ಮುಖ್ಯಸ್ಥರ ಬಳಿಗೆ ಇನ್ನೊಮ್ಮೆ ಹೋಗುತ್ತೇನೆ ಎಂದು ಕಾರಿನ ಕೀ ತೆಗೆದುಕೊಂಡೆ. ಇವಳು ಬಾಗಿಲಿಗೆ ಅಡ್ಡ ನಿಂತು, ಇನ್ನೊಂದು ಸಲ ಪಂಕ್ತಿ ಬದಲಾಯಿಸಲು ಹೋಗಬೇಡಿ, ಅವರು ತನಗಾಗಿ ಆಗಲೇ ಬಹಳ ಹೇಳಿ ನೋಡಿದ್ದಾರೆ ಎಂದಳು. ಆಮೇಲೆ ಸ್ನಾನದ ಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಬಹಳ ಹೊತ್ತು ಕೂತಳು. ನಾನು ಬಾಗಿಲ ಹೊರಗೆ ನೆಲದ ಮೇಲೆ ಕೂತೆ. ಹೊರಗೆ ಬಂದಾಗ ಅವಳ ಕಣ್ಣು ಕೆಂಪಾಗಿತ್ತು. ಕೆಲಸ ಹೋದದ್ದಕ್ಕಿಂತ, ಅಷ್ಟು ವರ್ಷ ಮಾಡಿದ್ದು ಎಲ್ಲಿಯೂ ಉಳಿಯಲಿಲ್ಲವಲ್ಲ ಎಂಬುದೇ ಸಂಕಟ ಎಂದಳು. ಮೊಬೈಲಿನಲ್ಲಿ ಅವಳ ರೇಟು ನೋಡುವುದನ್ನು ನಾನು ಅವತ್ತೇ ಬಿಟ್ಟೆ.

ಪ್ರಯೋಗಾಲಯ ಮುಚ್ಚುವಾಗ ರುವೈಸ್ ಮಕ್ಕಳ ರಕ್ತದ ಟ್ಯೂಬುಗಳ ಪ್ರಶ್ನೆ ಬಂತು. ಎಷ್ಟೋ ಅನುಮತಿಗಳು, ಎಷ್ಟೋ ಮುದ್ರೆಗಳು ಆದ ಮೇಲೆ, ಅವುಗಳನ್ನು ಮಂಗಳೂರು ಹುಡುಗಿಯ ಹೊಸ ಪ್ರಯೋಗಾಲಯಕ್ಕೆ ಸಾಗಿಸುವುದು ಎಂದಾಯಿತು. ನನ್ನ ತಂಪು ವ್ಯಾನಿನಲ್ಲೇ ಒಯ್ಯುವ ಎಂದು ನಾನು ಹೇಳಿದ್ದಕ್ಕೆ, ಮೊಸರಿನ ಜೊತೆಗಾ ಎಂದು ಬಹಳ ದಿನಗಳ ಮೇಲೆ ಇವಳು ನಕ್ಕಳು. ಅದಕ್ಕೆಂದೇ ಇರುವ ವಾಹನ ಬಂತು, ಹೊಗೆಯಾಡುವ ಒಣಮಂಜಿನ ಪೆಟ್ಟಿಗೆಗಳು ಬಂದವು. ಆ ಬೆಳಿಗ್ಗೆ ಇವಳು ಅರ್ಧ ಲೋಟ ಚಹಾ ಕುಡಿದು ಹೋಗಿ, ಒಂದೊಂದು ಪೆಟ್ಟಿಗೆಯನ್ನೂ ಎದುರು ನಿಂತು ತುಂಬಿಸಿದಳು. ವಾಹನ ಹೊರಟಿತು. ನಾವಿಬ್ಬರು ನನ್ನ ವ್ಯಾನಿನಲ್ಲಿ ಅದರ ಹಿಂದೆಯೇ ಹೊರಟೆವು. ಹೆಣ್ಣನ್ನು ಗಂಡನ ಮನೆಗೆ ಕಳಿಸುವವರ ಹಾಗಿದ್ದೆವು. ನಮ್ಮ ಸೀಟಿನ ಹಿಂದೆ ಎಲ್ಲರಿಗೂ ಸಾಲುವಷ್ಟು ಬಿಸಿಬೇಳೆಬಾತು, ಮೊಸರನ್ನ ಇತ್ತು.

ದುಬೈ ಮುಟ್ಟಿದಾಗ ಮಂಗಳೂರು ಹುಡುಗಿ ಕೆಳಗೆ ಸೆಕ್ಯೂರಿಟಿಯವರ ಬಳಿ ವಾಹನದ ಪಾಸಿಗಾಗಿ ವಾದಿಸುತ್ತಿದ್ದಳು, ನೀವು ಮೇಲೆ ಹೋಗಿರಿ ಎಂದಳು. ಮೇಲೆ ಪ್ರಯೋಗಾಲಯದ ಬಾಗಿಲಲ್ಲಿ ಎತ್ತರದ, ತೆಳ್ಳಗಿನ, ಬಿಳಿ ಕೋಟಿನ ಒಬ್ಬ ಸುಡಾನಿನ ಹುಡುಗಿ ನಿಂತಿದ್ದಳು. ಹೊಸದಾಗಿ ಸೇರಿದ ವಿದ್ಯಾರ್ಥಿನಿ. ನಮ್ಮನ್ನು ಎಂದೂ ನೋಡಿದವಳಲ್ಲ. ಸಾಮಾನು ಸಾಗಿಸುವವರ ಜೊತೆ ಬಂದ ಇಬ್ಬರು ಎಂದುಕೊಂಡಿರಬೇಕು. ಪೆಟ್ಟಿಗೆಗಳು ಲಿಫ್ಟಿನಿಂದ ಬಂದವು. ಚಾಲಕ ಪೇಶಾವರದ ಪಠಾಣ, ಹೊರುವವರು ಇಬ್ಬರು, ಆಮೇಲೆ ನಾನು, ನನ್ನ ಹಿಂದೆ ಇವಳು, ಸಾಲಾಗಿ ನಿಂತಿದ್ದೆವು. ಆ ಹುಡುಗಿ ಪೆಟ್ಟಿಗೆ ತೆರೆಯಲಿಲ್ಲ. ಕೈಗವಸುಗಳನ್ನು ಹಿಡಿದುಕೊಂಡು ಪಠಾಣನ ಮುಂದೆ ಬಂದು ನಿಂತು ಕೇಳಿದಳು:

“ಊಟ ಆಯ್ತಾ?”

ಪಠಾಣನಿಗೆ ಏನು ಅರ್ಥವಾದೀತು? ಅವಳು ಬಾಯಿಯ ಕಡೆ ಕೈ ಮಾಡಿ ತೋರಿಸಿದಳು. ಅವನು “ಖಲಾಸ್” ಎಂದು ಹೊಟ್ಟೆ ಸವರಿಕೊಂಡ. ಹೊರುವವರನ್ನು ಕೇಳಿದಳು, ಅವರು ತಲೆಯಾಡಿಸಿದರು. ನನ್ನ ಮುಂದೆ ಬಂದು ಕೇಳಿದಳು. ಆಯ್ತು ಎಂದೆ. ಈ ಮಾತನ್ನು ಎಲ್ಲಿ ಕಲಿತೆ ಎಂದು ಇಂಗ್ಲಿಷಿನಲ್ಲಿ ಕೇಳಿದೆ. ನಮ್ಮ ಲ್ಯಾಬಿನ ನಿಯಮ ಎಂದಳು. ಯಾವ ಭಾಷೆ ಎಂದು ಗೊತ್ತಾ ಎಂದರೆ, ಅದು ಗೊತ್ತಿಲ್ಲ, ಇದನ್ನು ಕೇಳದೆ ಇಲ್ಲಿ ಯಾರೂ ಟ್ಯೂಬು ಮುಟ್ಟುವುದಿಲ್ಲ ಎಂದಷ್ಟೇ ಗೊತ್ತು, ತಾನೂ ಇನ್ನೊಂದು ಲ್ಯಾಬಿನಲ್ಲಿರುವ ತನ್ನ ಗೆಳತಿಗೆ ಇದನ್ನು ಕಲಿಸಿದ್ದೇನೆ ಎಂದಳು. ಕೊನೆಗೆ ಅವಳು ನನ್ನ ಹೆಂಡತಿಯ ಮುಂದೆ ಬಂದು ನಿಂತಳು.

“ಊಟ ಆಯ್ತಾ?”

ಇವಳು ಆ ಹುಡುಗಿಯ ಮುಖವನ್ನೇ ನೋಡುತ್ತಿದ್ದಳು. ಸುಳ್ಳು ಹೇಳಿ ಒಳಗೆ ಹೋಗಬಹುದಿತ್ತು. ತನ್ನದೇ ಕೈಯಿಂದ ಕೊನೆಯ ಸಲ ಆ ಟ್ಯೂಬುಗಳನ್ನು ಇಡಬೇಕೆಂದೇ ಅಷ್ಟು ದೂರ ಬಂದಿದ್ದಳು.

“ಇಲ್ಲಮ್ಮ,” ಎಂದಳು. “ಆಗಿಲ್ಲ.”

ಹುಡುಗಿಗೆ ಅಷ್ಟು ಕನ್ನಡ ಬರುತ್ತಿತ್ತು. ಇವಳ ಮೊಣಕೈ ಹಿಡಿದು, ಬಹಳ ಮರ್ಯಾದೆಯಿಂದ, ಆದರೆ ಬಿಡದೆ, ಕಾರಿಡಾರಿನ ಬೆಂಚಿನ ಮೇಲೆ ಕೂರಿಸಿದಳು. ಕ್ಷಮಿಸಿ ಆಂಟಿ, ತಿನ್ನದವರು ಟ್ಯೂಬು ಮುಟ್ಟುವ ಹಾಗಿಲ್ಲ, ಮೊದಲು ಏನಾದರೂ ತಿನ್ನಿ, ಅಲ್ಲಿಯವರೆಗೆ ನಾನು ನೋಡಿಕೊಳ್ಳುತ್ತೇನೆ ಎಂದು ಇಂಗ್ಲಿಷಿನಲ್ಲಿ ಹೇಳಿ ಒಳಗೆ ಹೋದಳು. ಅಷ್ಟರಲ್ಲಿ ಮಂಗಳೂರು ಹುಡುಗಿ ಏದುಸಿರು ಬಿಡುತ್ತ ಮೇಲೆ ಬಂದಳು. ಮೇಡಂ ಹೊರಗೆ ಬೆಂಚಿನ ಮೇಲೆ ಕೂತಿರುವುದನ್ನು ನೋಡಿ ಮುಖದ ಬಣ್ಣವೇ ಹೋಯಿತು. “ಅಯ್ಯೋ, ನೀವು ಯಾರೂಂತ ಅವಳಿಗೆ...” ಎಂದು ಬಾಗಿಲ ಕಡೆಗೆ ಹೊರಟವಳ ಕೈಯನ್ನು ಇವಳು ಹಿಡಿದುಕೊಂಡಳು. ಏನೂ ಹೇಳಬೇಡ, ಅವಳು ಸರಿಯಾಗಿಯೇ ಮಾಡುತ್ತಿದ್ದಾಳೆ ಎಂದಳು.

ನಾನು ಜೊತೆಗೆ ತಂದಿದ್ದ ಊಟದ ಡಬ್ಬಿ ಬಿಚ್ಚಿದೆ. ಒಳಗಿನಿಂದ ಟ್ಯೂಬುಗಳನ್ನು ಒಂದೊಂದಾಗಿ ಇಡುವ ಸದ್ದು ಕೇಳುತ್ತಿತ್ತು. ಇವಳ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ, ನನ್ನನ್ನು ನೋಡಿ ನಕ್ಕಳು. ನಾನು ಮೆಲ್ಲಗೆ ಕೇಳಿದೆ:

“ಹೆಸರು ಹೇಳದಿದ್ರೂ ಲೆಕ್ಕಕ್ಕೆ ಬರ್ತದಾ?”

“ಸುಮ್ನೆ ಬಡಿಸ್ರೀ,” ಎಂದಳು.

ಪಠಾಣ, ಹೊರುವವರು, ಮಂಗಳೂರು ಹುಡುಗಿ, ಕೆಲಸ ಮುಗಿಸಿ ಬಂದ ಆ ಸುಡಾನಿನ ಹುಡುಗಿ, ಯಾರಿಗೆ ಎಷ್ಟು ಬೇಕು ಎಂದು ಇವಳೇ ಮೊದಲು ಕೇಳಿ ಹಾಕಿಸಿದಳು. ಹಾಗಾಗಿ ಅವತ್ತು ಅವಳು ಎಲ್ಲರಿಗಿಂತ ಕೊನೆಗೆ ಉಂಡಳು. ಬಡಿಸಿದವನು ನಾನು.